ಅಜ್ಜ ಎಳೆದ ಗೆರೆ, ನಾನು ಹಿಡಿದ ಕತ್ತರಿ

ನನ್ನ ಅರವತ್ತರ ಶಾಂತಿಯನ್ನು ಐವತ್ತಕ್ಕೇ ಮಾಡಿ ಮುಗಿಸೋಣ ಎಂದು ಸರೋಜಕ್ಕ ಪಂಚಾಂಗ ಹಿಡಿದು ಕಲ್ಯಾಣದಿಂದ ಬಂದ ದಿನ ನನಗೆ ಬಂದಷ್ಟು ಸಿಟ್ಟು, ಸ್ಟ್ರೋಕ್ ಹೊಡೆದ ದಿನವೂ ಬಂದಿರಲಿಲ್ಲ. ಅವತ್ತು ಸಿಟ್ಟು ಮಾಡಲು ಬಾಯಿಯೇ ನೆಟ್ಟಗಿರಲಿಲ್ಲ, ಅದು ಬೇರೆ ಮಾತು. ಬದುಕಿ ಕೂತ ಮನುಷ್ಯನ ಎದುರಿಗೇ, ಇವನು ಅರವತ್ತು ಮುಟ್ಟುವ ಗಿರಾಕಿಯಲ್ಲ ಎಂದು ಒಡಹುಟ್ಟಿದವಳೇ ತೀರ್ಮಾನ ಮಾಡಿದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ?

ಪಾಪ, ಅಕ್ಕನೊಬ್ಬಳದೇ ತಪ್ಪಲ್ಲ. ಇದು ನಮ್ಮ ಮನೆಯ ಪದ್ಧತಿ. ನಾವು ಗದಗ ಕಡೆಯ ಸಿಂಪಿಗರು, ತಲೆತಲಾಂತರದಿಂದ ಹೊಲಿಗೆಯವರು. ಅಪ್ಪ ಕಲ್ಯಾಣಕ್ಕೆ ಬಂದು ಮಷೀನು ಹಾಕಿದ. ನಾನು ಡೊಂಬಿವಲಿ ಪೂರ್ವದಲ್ಲಿ ಶಾಲಾ ಯೂನಿಫಾರ್ಮಿನ ಅಂಗಡಿ ಇಟ್ಟೆ. ಅಜ್ಜನಿಗೆ ಐವತ್ತನಾಲ್ಕಕ್ಕೆ ಲಕ್ವಾ ಹೊಡೆಯಿತು, ದೊಡ್ಡಪ್ಪನಿಗೆ ಐವತ್ತೊಂದಕ್ಕೆ. ಇಬ್ಬರೂ ಏಳಲಿಲ್ಲ. ನಮ್ಮ ಮನೆಯ ಗಂಡಸರು ಅರವತ್ತು ಕಾಣುವುದಿಲ್ಲ ಎಂದು ಹಿರಿಯ ಹೆಂಗಸರು ಆಗ ಮನಸ್ಸಿನಲ್ಲಿ ಗಂಟು ಹಾಕಿಕೊಂಡರು. ಹೇಗೂ ಕಾಣುವುದಿಲ್ಲವಲ್ಲ, ಅದಕ್ಕೆ ಅರವತ್ತರ ಶಾಂತಿಯ ಹೋಮ, ಆರತಿ, ಊಟ ಎಲ್ಲವನ್ನೂ ಐವತ್ತಕ್ಕೇ ಮಾಡಿಬಿಡುವುದು. ಅಪ್ಪನಿಗೂ ಹಾಗೇ ಮಾಡಿದರು. ಐವತ್ತೆರಡಕ್ಕೆ ಅಪ್ಪ ಮಷೀನಿನ ಮೇಲೆಯೇ ತಲೆಯಿಟ್ಟ. "ನೋಡ್ರಿ, ಮುಗಿಸಿದ್ದು ಚಲೋ ಆತು" ಎಂದು ಸಾವಿನ ಮನೆಯಲ್ಲಿ ಯಾರೋ ಅಂದದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಇನ್ನೊಂದು ವಸ್ತುವಿನ ಬಗ್ಗೆ ಈಗಲೇ ಹೇಳಿಬಿಡುತ್ತೇನೆ. ಅಜ್ಜ ತನ್ನ ಅರವತ್ತಕ್ಕೆಂದು ಕೆನೆಬಣ್ಣದ ರೇಷ್ಮೆ ಬಟ್ಟೆ ತಂದು, ಉದ್ದ ಕೋಟಿಗೆ ನೀಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದ. ಕತ್ತರಿ ಹಾಕಲಿಲ್ಲ. ಅರವತ್ತರ ಹೊತ್ತಿಗೆ ಮೈ ಹೇಗಿರುತ್ತದೋ, ಆಗ ಕತ್ತರಿಸೋಣ ಅಂದುಕೊಂಡಿದ್ದನಂತೆ. ಬಟ್ಟೆ ಅಪ್ಪನಿಗೆ ಬಂತು. ಅಪ್ಪ ಅದರ ಮೇಲೆ ತನ್ನ ಅಳತೆಗೆ ಕೆಂಪು ಸೀಮೆಸುಣ್ಣದ ಗೆರೆ ಎಳೆದ. ಅವನೂ ಕತ್ತರಿಸಲಿಲ್ಲ. ಐವತ್ತರ ಆ ಶಾಂತಿಗೆ ಹಳೆಯ ಕೋಟು ಹಾಕಿಕೊಂಡೇ ಮಣೆಯ ಮೇಲೆ ಕೂತ. ರೇಷ್ಮೆಯದು ಯಾಕೆ ಹೊಲಿಯಲಿಲ್ಲ ಎಂದು ಅವ್ವ ಕೇಳಿದ್ದಕ್ಕೆ, "ಅದು ಖರೇ ಅರವತ್ತಕ್ಕ" ಅಂದ. ಆಗ ನನಗೆ ಇಪ್ಪತ್ತು. ಅಪ್ಪ ಆ ಪದ್ಧತಿಯನ್ನು ಒಳಗೊಳಗೇ ಒಪ್ಪಿರಲಿಲ್ಲ ಎಂದು ಅರ್ಥವಾಗಲು ನನಗೆ ಮೂವತ್ತು ವರ್ಷ ಬೇಕಾಯಿತು.

ಈಗ ನನ್ನ ಕಥೆ. ಕಟಿಂಗ್ ಮಾಸ್ತರರ ಕೈ ಜೋಮು ಹಿಡಿಯುವುದು ಹೊಸದಲ್ಲ. ಎಂಟು-ಹತ್ತು ಪದರ ಬಟ್ಟೆಯ ಮೇಲೆ ದೊಡ್ಡ ಕತ್ತರಿ ಒತ್ತಿ ಒತ್ತಿ ಬೆರಳು ಮರಗಟ್ಟುತ್ತವೆ. ನಾವು ಅದನ್ನು ಕತ್ತರಿಗೈ ಅನ್ನುತ್ತೇವೆ, ಸ್ವಲ್ಪ ಹೆಮ್ಮೆಯಿಂದಲೇ. ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ನನ್ನ ಬಲಗೈ ಪೂರಾ ಸತ್ತಂತಾಯಿತು. ಹತ್ತು ನಿಮಿಷ ಕತ್ತರಿಯೇ ಹಿಡಿಯಲಾಗಲಿಲ್ಲ. ತುಟಿಯೂ ಸ್ವಲ್ಪ ಭಾರವೆನಿಸಿತು. ಬಾಮು ತಿಕ್ಕಿದೆ, ತಂಬಾಕಿಗೆ ಸುಣ್ಣ ಬೆರೆಸಿ ಕೆನ್ನೆಗೆ ಒತ್ತಿಕೊಂಡೆ, ಚಹಾ ಕುಡಿದೆ. ಕೈ ಬಂತು. ಕತ್ತರಿಗೈ ಎಂದು ನಕ್ಕು ಸುಮ್ಮನಾದೆ. ಅದು ಮೆದುಳು ಮೊದಲೇ ಕಳಿಸಿದ ನೋಟೀಸು ಎಂದು ಆಮೇಲೆ ಆಸ್ಪತ್ರೆಯಲ್ಲಿ ಹೇಳಿದರು. ಗುಮಾಸ್ತನೋ ಶಾಲಾ ಮಾಸ್ತರನೋ ಆಗಿದ್ದರೆ ಹೆದರಿ ಡಾಕ್ಟರ ಹತ್ತಿರ ಓಡುತ್ತಿದ್ದೆ. ದರ್ಜಿಯಾದ್ದರಿಂದ ಹೆಮ್ಮೆಪಟ್ಟೆ.

ಜೂನ್ ಎಂದರೆ ನಮಗೆ ಸುಗ್ಗಿ. ಶಾಲೆ ಶುರುವಾಗುವ ಮೊದಲು ಎಲ್ಲ ಹುಡುಗರ ಚಡ್ಡಿ, ಷರ್ಟು, ಹುಡುಗಿಯರ ಪಿನಾಫೋರ್ ತಯಾರಾಗಬೇಕು. ನಾಲ್ಕು ತಾಸು ನಿದ್ದೆ, ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ, ಇಡೀ ದಿನ ಕೆನ್ನೆಯಲ್ಲಿ ತಂಬಾಕು. ಅವತ್ತು ಬೆಳಿಗ್ಗೆ ನೇವಿ ಬ್ಲೂ ಬಟ್ಟೆ ಹಾಸಿ ಗುರುತು ಹಾಕುತ್ತಿದ್ದೆ. ಮಷೀನಿನ ಮುಂದೆ ಕೂತಿದ್ದ ಅನ್ವರ್ ಭಾಯಿ ಹೊಲಿಗೆ ನಿಲ್ಲಿಸಿ ನನ್ನನ್ನೇ ನೋಡತೊಡಗಿದರು. ಅವರು ಮುಂಬ್ರಾದಿಂದ ಬರುವವರು, ನನಗಿಂತ ಹತ್ತು ವರ್ಷ ದೊಡ್ಡವರು, ಹದಿನೆಂಟು ವರ್ಷದಿಂದ ನನ್ನ ಜೊತೆಗಿದ್ದಾರೆ.

"ಮಾಸ್ಟರ್, ಯೇ ಕ್ಯಾ ಕರ್ ರಹೇ ಹೋ?"

ಏನು ಮಾಡುತ್ತಿದ್ದೇನೆ, ಗುರುತು ಹಾಕುತ್ತಿದ್ದೇನೆ. ಕೆಳಗೆ ನೋಡಿದೆ. ನನ್ನ ಗೆರೆ ಬಟ್ಟೆಯ ಅಂಚು ದಾಟಿ ಟೇಬಲ್ಲಿನ ಹಲಗೆಯ ಮೇಲೆ ಅರ್ಧ ಮಾರು ಹೋಗಿತ್ತು. ಏನೋ ಹೇಳಲು ಹೋದೆ. ಬಾಯಿಂದ ಬಂದದ್ದು ಮಾತಾಗಿರಲಿಲ್ಲ. ಅನ್ವರ್ ಭಾಯಿ ಎದ್ದು ಬಂದು, "ದೋನೋ ಹಾಥ್ ಊಪರ್" ಅಂದರು, ಪೊಲೀಸರ ಹಾಗೆ. ಎಡಗೈ ಎದ್ದಿತು. ಬಲಗೈ ನನ್ನದಲ್ಲವೆಂಬಂತೆ ಬಿದ್ದುಕೊಂಡಿತ್ತು. ಅವರ ತಮ್ಮನಿಗೆ ಹೀಗೇ ಆಗಿ ಹೊತ್ತು ಮೀರಿತ್ತಂತೆ. ಅದಕ್ಕೇ ಅವರು ನೀರು ಕುಡಿಸಲಿಲ್ಲ, ಗಾಳಿ ಹಾಕಲಿಲ್ಲ, ಮೂಗಿಗೆ ಈರುಳ್ಳಿ ಹಿಡಿಯಲಿಲ್ಲ. ನೇರ ಆಂಬುಲೆನ್ಸಿಗೆ ಫೋನು ಮಾಡಿದರು.

ನವಿ ಮುಂಬೈಯ ಆಸ್ಪತ್ರೆಗೆ ಹೋಗುವಾಗ ಶಿಳ್‌ಫಾಟಾದಲ್ಲಿ ಟ್ರಾಫಿಕ್ ನಿಂತುಬಿಟ್ಟಿತು. ಸೈರನ್ ಕೂಗುತ್ತಿದೆ, ಟ್ರಕ್ಕುಗಳು ಅಲ್ಲಾಡುತ್ತಿಲ್ಲ. ನನ್ನ ಹೆಂಡತಿ ಶೈಲಾ ಪಕ್ಕದಲ್ಲಿ ಕೂತು ನನ್ನ ಸತ್ತ ಕೈಯನ್ನೇ ಹಿಡಿದುಕೊಂಡಿದ್ದಳು. ಅವಳು ಹಿಡಿದದ್ದು ನನಗೆ ಗೊತ್ತೇ ಆಗುತ್ತಿರಲಿಲ್ಲ. ಆ ಕೈ ಬಿಡು, ಈ ಕೈ ಹಿಡಿ ಎಂದು ಹೇಳಬೇಕಿತ್ತು, ಬಾಯಿ ಬರಲಿಲ್ಲ. ನನಗೆ ಅಷ್ಟು ಭಯ ಹಿಂದೆಂದೂ ಆಗಿರಲಿಲ್ಲ. ಪಕ್ಕದ ಕಿಟಕಿಯಿಂದ ನೋಡಿದರೆ ಅನ್ವರ್ ಭಾಯಿ ಕೆಳಗಿಳಿದು, ಈ ವಯಸ್ಸಿನಲ್ಲಿ, ಟ್ರಕ್ಕುಗಳ ಬಾಗಿಲು ಬಡಿಬಡಿದು ದಾರಿ ಬಿಡಿಸುತ್ತಿದ್ದರು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನಿಗೆ ಇನ್ನೂ ಹೊತ್ತು ಮೀರಿಲ್ಲ ಎಂದು ಆಸ್ಪತ್ರೆಯ ಡಾಕ್ಟರು ಹೇಳಿದಾಗ ಶೈಲಾ ಅತ್ತಳು. ಅನ್ವರ್ ಭಾಯಿ ಹೊರಗೆ ಹೋಗಿ ಬೆಂಚಿನ ಮೇಲೆ ಕೂತವರು ಸಂಜೆಯವರೆಗೂ ಏಳಲಿಲ್ಲವಂತೆ. ನಾನು ಬದುಕಿದ್ದರ ಲೆಕ್ಕದಲ್ಲಿ ದೇವರ ಪಾಲೆಷ್ಟೋ, ಅವರ ಪಾಲು ಮಾತ್ರ ಕಣ್ಣಾರೆ ಕಂಡದ್ದು.

ಮಾತು ಮೂರನೆಯ ದಿನದಿಂದ ತೊದಲುತ್ತಾ ಬಂತು. ಕಾಲು ಎಳೆಯುತ್ತಾ ಬಂತು. ಕೈ ಮಾತ್ರ ಹಠ ಹಿಡಿದು ಕೂತಿತು. ಮನೆಗೆ ಬಂದ ಮರುದಿನ ಷರ್ಟು ಹಾಕಿಕೊಳ್ಳಲು ಬಚ್ಚಲಿಗೆ ಹೋದೆ. ಜೀವಮಾನದಲ್ಲಿ ಎಷ್ಟು ಸಾವಿರ ಕಾಜಾ ಮಾಡಿಸಿದ್ದೇನೋ ನಾನು, ನನ್ನ ಷರ್ಟಿನ ಒಂದು ಗುಂಡಿಯನ್ನು ಅದರ ಕಾಜಾಕ್ಕೆ ತೂರಿಸಲಾಗಲಿಲ್ಲ. ಅರ್ಧ ಗಂಟೆ ಒದ್ದಾಡಿ, ನಲ್ಲಿ ಜೋರಾಗಿ ಬಿಟ್ಟು ಅತ್ತೆ. ಹೊರಗೆ ಬಂದಾಗ ಶೈಲಾ ಟೀ ಷರ್ಟು ಕೊಟ್ಟಳು. ನಾನು ಬೇಡವೆಂದೆ. ಗುಂಡಿ ಹಾಕದೆ ಹಾಗೇ ತೆರೆದೆದೆಯಲ್ಲಿ ಕೂತೆ, ಬಂದವರು ನೋಡಿದರೆ ನೋಡಲಿ ಎಂದು.

ಬಂದವರೋ, ಒಬ್ಬೊಬ್ಬರೂ ಒಂದೊಂದು ತಂದರು. ಸೊಸೈಟಿಯ ಸೆಕ್ರೆಟರಿ ಎಳನೀರು ತಂದ. ಅಕ್ಕ ಬೆಳಗಾವಿ ಹತ್ತಿರದ ಯಾವುದೋ ಊರಿನ ಲಕ್ವಾ ಎಣ್ಣೆ ತಂದಳು. ಎಲ್ಲರೂ ಸೇರಿ ತಂದದ್ದು ಒಂದೇ ಮಾತು: ನಿಮ್ಮ ಮನೆತನದ ರಕ್ತವೇ ಹಾಗೆ. ಮಲಗಿದವನ ತಲೆಯ ಮೇಲೆ ಆ ಮಾತು ದಿನಕ್ಕೆ ನಾಲ್ಕು ಸಲ ಬೀಳುತ್ತಿತ್ತು. ನಾನೂ ಮೊದಮೊದಲು ತಲೆಯಾಡಿಸುತ್ತಿದ್ದೆ. ರಕ್ತದ ಮೇಲೆ ಹಾಕಿದರೆ ತಂಬಾಕಿನ ಮಾತು ಬರುವುದಿಲ್ಲವಲ್ಲ, ಅದೊಂದು ಅನುಕೂಲ.

ನಾನು ತಲೆಯಾಡಿಸುವುದನ್ನು ನನ್ನ ಮಗಳು ನೋಡುತ್ತಿದ್ದಾಳೆಂದು ನನಗೆ ಹೊಳೆಯಲೇ ಇಲ್ಲ. ಮೇಘನಾಗೆ ಆಗ ಹತ್ತೊಂಬತ್ತು, ಬಿ.ಎಸ್ಸಿ. ಓದುತ್ತಿದ್ದಳು. ಇಲ್ಲೇ ಹುಟ್ಟಿದವಳು, ನಾವು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುವವಳು. ನನಗೆಂದು ತಂದ ಬಿ.ಪಿ. ಮಷೀನು ಆಗಾಗ ಕಾಣೆಯಾಗುತ್ತಿತ್ತು. ಒಂದು ದಿನ ಬೆಳಿಗ್ಗೆ ಗೋಡೆ ಹಿಡಿದುಕೊಂಡು ಹೋಗಿ ಅವಳ ಕೋಣೆಯ ಬಾಗಿಲು ತಳ್ಳಿದೆ. ತೋಳಿಗೆ ಪಟ್ಟಿ ಸುತ್ತಿಕೊಂಡು ಕೂತಿದ್ದಾಳೆ. ಪಕ್ಕದಲ್ಲಿ ಒಂದು ನೋಟ್‌ಬುಕ್ಕು. ದಿನಕ್ಕೆ ಎಂಟು ಸಲ ತನ್ನ ಬಿ.ಪಿ. ನೋಡಿ ಬರೆದಿಟ್ಟಿದ್ದಳು.

"ಪಪ್ಪಾ, ಮಲಾ ಪಣ ಹೋಯೀಲ ಕಾ?" ಅಂದಳು. ನನಗೂ ಆಗುತ್ತದಾ ಎಂದು.

ಇಷ್ಟು ದಿನ ನನ್ನ ಕೈಯ ಚಿಂತೆ ಮಾಡಿಕೊಂಡಿದ್ದೆ. ಆ ಕ್ಷಣ ಕೈ ಮರೆತೇಹೋಯಿತು. ಅಜ್ಜ ಅಪ್ಪನಿಗೆ ಕೊಟ್ಟದ್ದು, ಅಪ್ಪ ಬೇಡವೆಂದರೂ ನನಗೆ ದಾಟಿಸಿದ್ದು ಈ ಹೆದರಿಕೆಯನ್ನೇ ಅಲ್ಲವೆ? ಅದನ್ನು ನಾನು ತಲೆಯಾಡಿಸಿ ತಲೆಯಾಡಿಸಿ ನನ್ನ ಮಗಳಿಗೆ ತೊಡಿಸುತ್ತಿದ್ದೆ. ಮೈ ಹೋದರೆ ಹೋಗಲಿ, ಇದೊಂದು ಇವಳಿಗೆ ಹೋಗಬಾರದು ಎಂದು ಅವತ್ತೇ ನಿರ್ಧಾರ ಮಾಡಿದೆ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅವಳನ್ನೂ ಕರೆದುಕೊಂಡು ಹೋದೆ. ನ್ಯೂರಾಲಜಿಯ ಓ.ಪಿ.ಡಿ. ಎಂದರೆ ಮೂರು ತಾಸಿನ ಬೆಂಚು. ನಮ್ಮ ಪಕ್ಕದಲ್ಲಿ ಘಣಸೋಲಿ ಹಳೇ ಊರಿನ ಒಬ್ಬ ಅಜ್ಜಿ ಕೂತಿದ್ದರು, ಎಡಗಡೆ ಪೂರಾ ಬಿದ್ದಿದೆ, ಮೂಗಿನಲ್ಲಿ ದೊಡ್ಡ ನತ್ತು. ನನ್ನ ಮುಖ ನೋಡಿ, "ಎಷ್ಟು ತಿಂಗಳಾಯಿತು?" ಎಂದು ಮರಾಠಿಯಲ್ಲಿ ಕೇಳಿದರು. ನಾಲ್ಕು ಅಂದೆ. "ನನಗೆ ಏಳು ವರ್ಷ. ಅರ್ಧ ಮೈಯಲ್ಲೇ ಮೂರು ಸೊಸೆಯರನ್ನು ಹದ್ದುಬಸ್ತಿನಲ್ಲಿಟ್ಟಿದ್ದೇನೆ" ಎಂದು ನಕ್ಕರು. ನಕ್ಕಾಗ ಬಾಯಿ ಒಂದೇ ಕಡೆ ಹೋಗುತ್ತಿತ್ತು, ಆದರೆ ನಗು ಮಾತ್ರ ಪೂರ್ತಿಯಿತ್ತು. ಮೇಘನಾ ತಿಂಗಳುಗಳ ನಂತರ ನಕ್ಕದ್ದು ಆಗಲೇ.

ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು, ಮಾತು ಕಡಿಮೆ. ಮೇಘನಾ ತನ್ನ ಬಿ.ಪಿ. ನೋಟ್‌ಬುಕ್ಕು ತೋರಿಸಿ, ಫೋನಿನಲ್ಲಿ ಓದಿದ್ದೆಲ್ಲವನ್ನೂ ಅವರ ಮುಂದೆ ಸುರಿದಳು. ಎಪಿಜೆನೆಟಿಕ್ ಎಂಬ ಶಬ್ದ ನಾನು ಕೇಳಿದ್ದು ಅವತ್ತೇ ಮೊದಲು. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. ಹುಟ್ಟಿನಿಂದ ಬಂದ ಜೀನು ಹಾಗೇ ಇರುತ್ತದೆ, ಆದರೆ ಯಾವುದು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂದು ಅದರ ಮೇಲೆ ಗುರುತು ಬೀಳುತ್ತಾ ಹೋಗುತ್ತವೆ. ತಂಬಾಕು, ಹೊಗೆ, ನಿದ್ದೆಗೇಡು, ಚಿಂತೆ, ವಯಸ್ಸು, ಎಲ್ಲದರ ಗುರುತೂ ಬೀಳಬಹುದು. ಅವುಗಳಲ್ಲಿ ಕೆಲವಕ್ಕೂ ಸ್ಟ್ರೋಕಿಗೂ ನಂಟಿದೆ ಎಂದು ಕಾಣುತ್ತಿದೆ ಎಂದರು.

"ಅಂದರೆ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ" ಅಂದೆ.

ಅವರು ಮೊದಲ ಸಲ ನಕ್ಕರು. "ಅಷ್ಟು ಸುಲಭವಿಲ್ಲ, ಆದರೆ ನಿಮಗೆ ಅಷ್ಟು ಸಾಕು."

"ಒರೆಸಿದರೆ ಹೋಗುತ್ತದಾ?"

"ತಂಬಾಕಿನವು ಕೆಲವು ವರ್ಷಗಟ್ಟಲೆ ಆದಮೇಲೆ ಮಾಸುತ್ತವೆ. ಕೆಲವು ಉಳಿಯುತ್ತವೆ. ನಿಮ್ಮ ಮೈಯಲ್ಲಿ ಯಾವುದು ಹೋಗಿದೆ, ಯಾವುದಿದೆ ಎಂದು ಹೇಳುವ ಪರೀಕ್ಷೆ ನನ್ನ ಹತ್ತಿರ ಇಲ್ಲ."

ಮೇಘನಾ ಕುರ್ಚಿಯ ತುದಿಗೆ ಬಂದಿದ್ದಳು. ಅಪ್ಪನ ಗುರುತು ಮಕ್ಕಳಿಗೂ ಬರುತ್ತವಾ ಎಂದು ಕೇಳಿದಳು. ಮನುಷ್ಯರ ವಿಷಯದಲ್ಲಿ ಅದನ್ನು ಖಚಿತವಾಗಿ ಹೇಳುವಷ್ಟು ಇನ್ನೂ ತಿಳಿದಿಲ್ಲ ಎಂದರು ಡಾಕ್ಟರು. "ಮನೆಯಲ್ಲಿ ಇದ್ದರೆ ಅಪಾಯ ಸ್ವಲ್ಪ ಹೆಚ್ಚು, ಸುಳ್ಳು ಹೇಳುವುದಿಲ್ಲ. ಆದರೆ ಅದು ತೀರ್ಪಲ್ಲ. ಬಿ.ಪಿ. ವರ್ಷಕ್ಕೊಮ್ಮೆ ನೋಡಿಸಿಕೋ. ದಿನಕ್ಕೆ ಎಂಟು ಸಲ ಅಲ್ಲ. ತಂಬಾಕು ಮುಟ್ಟಬೇಡ, ನಿದ್ದೆ ಮಾಡು." ಆಮೇಲೆ ನನ್ನ ಕಡೆ ನೋಡಿ, "ಅಜ್ಜ ತಂಬಾಕು ತಿನ್ನುತ್ತಿದ್ದರಾ?" ಎಂದು ಕೇಳಿದರು. ತಿನ್ನುತ್ತಿದ್ದ. ಅಪ್ಪ? ಬೀಡಿ. ಇಬ್ಬರೂ ಒಮ್ಮೆಯಾದರೂ ಬಿ.ಪಿ. ನೋಡಿಸಿಕೊಂಡಿದ್ದರಾ? ಇಲ್ಲ. "ಮತ್ತೆ ಬರೀ ರಕ್ತದ ಮೇಲೆ ಯಾಕೆ ಹಾಕುತ್ತೀರಿ?" ಎಂದು ಮುಂದಿನವರನ್ನು ಒಳಗೆ ಕರೆದರು.

ಆ ಪ್ರಶ್ನೆ ನನ್ನ ಮರ್ಯಾದೆಗೆ ನೇರವಾಗಿ ಬಡಿಯಿತು. ತಂಬಾಕಿನ ಡಬ್ಬಿಯನ್ನು ಆಸ್ಪತ್ರೆ ಸೇರಿದ ದಿನದಿಂದ ಮುಟ್ಟಿರಲಿಲ್ಲ, ಆದರೆ ಎಸೆದೂ ಇರಲಿಲ್ಲ. ಅವತ್ತು ವಾಪಸು ಹೋಗುವಾಗ ಜೇಬಿನಿಂದ ತೆಗೆದು ಸಾನಪಾಡಾ ಸ್ಟೇಷನ್ನಿನ ಕಸದ ತೊಟ್ಟಿಗೆ ಹಾಕಿದೆ. ಇಪ್ಪತ್ತೈದು ವರ್ಷದ ಗೆಳೆಯ, ಎಸೆದು ಎರಡು ಸಲ ತಿರುಗಿ ನೋಡಿದೆ, ಇಲ್ಲವೆನ್ನುವುದಿಲ್ಲ.

ಆಮೇಲಿನದು ಬರೀ ಹಠ. ವ್ಯಾಯಾಮ ಕಲಿಸುವ ಹುಡುಗಿ ಮೆತ್ತನೆಯ ಚೆಂಡು ಕೊಟ್ಟಳು. ನಾನು ಕತ್ತರಿ ಬೇಕೆಂದೆ. ಮೊದಲು ಹಳೆಯ ಪೇಪರು ಕತ್ತರಿಸಿದೆ, ಇಲಿ ಕಡಿದ ಹಾಗೆ ಬರುತ್ತಿತ್ತು. ಮೂರು ತಿಂಗಳು ಪೇಪರು, ಆಮೇಲೆ ಅಸ್ತರಿನ ಬಟ್ಟೆ, ಆಮೇಲೆ ಒಂದೇ ಪದರ ಕಾಟನ್. ಅಂಗಡಿಯ ಕಟಿಂಗನ್ನೆಲ್ಲ ಅನ್ವರ್ ಭಾಯಿ ನೋಡಿಕೊಂಡರು, ಗಲ್ಲಾಪೆಟ್ಟಿಗೆಯ ಮುಂದೆ ಶೈಲಾ ಕೂತಳು. ಗಿರಾಕಿಗಳು ನನ್ನನ್ನು ನೋಡಿ ದನಿ ತಗ್ಗಿಸಿ "ಅರೇರೆ" ಅನ್ನುತ್ತಿದ್ದರು. "ಅರೇರೆ ಬೇಡ, ಅಳತೆ ಕೊಡಿ" ಅನ್ನುತ್ತಿದ್ದೆ. ಒಂದು ಬೆಳಿಗ್ಗೆ ಷರ್ಟಿನ ಐದು ಗುಂಡಿಯನ್ನೂ ನಾನೇ ಹಾಕಿಕೊಂಡೆ. ಶೈಲಾ ಅಡಿಗೆಮನೆಯಿಂದ ಬಂದು ನೋಡಿ, "ಮ್ಯಾಲಿಂದೊಂದು ತಪ್ಪೈತ್ರೀ" ಅಂದಳು, ಕಣ್ಣು ಒರೆಸಿಕೊಳ್ಳುತ್ತಾ. ಒಂದು ಕಾಜಾ ಬಿಟ್ಟು ಹಾಕಿದ್ದೆ. ಹಾಗೇ ಅಂಗಡಿಗೆ ಹೋದೆ.

ಹೀಗೆ ಒಂದು ಹಂತಕ್ಕೆ ಬಂದಾಗಲೇ, ಈ ವರ್ಷ, ಅಕ್ಕ ಪಂಚಾಂಗದ ಜೊತೆ ಬಂದದ್ದು. ದಿನವನ್ನೂ ಗೊತ್ತುಮಾಡಿಕೊಂಡೇ ಬಂದಿದ್ದಳು.

"ತಮ್ಮಾ, ನಮ್ಮ ಮನ್ಯಾಗ ಗಂಡಸರ ಆಯುಷ್ಯನ ಇಷ್ಟು. ನೂಲಿನಂತೆ ಸೀರೆ ಅಂತಾರಲ್ಲ, ಹಂಗ. ಒಮ್ಮೆ ಮಣಿ ಮ್ಯಾಲೆ ಕೂತಬಿಡು. ನಮಗೂ ಸಮಾಧಾನ ಆಗ್ತೈತಿ."

"ಅಪ್ಪ ಕೂತಿದ್ದಾ. ಏನ ಸಮಾಧಾನ ಆತು?"

"ಹಂಗನಬ್ಯಾಡೋ. ನಿನ್ನ ಮ್ಯಾಲಿನ ಪ್ರೀತಿಗೇ ಹೇಳಾಕತ್ತೀನಿ."

ಅದು ನಿಜ ಎಂದು ನನಗೆ ಗೊತ್ತು. ನಾನು ಮಲಗಿದ್ದ ಎರಡು ತಿಂಗಳು, ಮಂಡಿನೋವಿನಲ್ಲೂ ಲೋಕಲ್ ಹತ್ತಿ ದಿನಾ ಊಟದ ಡಬ್ಬಿ ತಂದವಳು ಅವಳು. ಆದರೆ ಬಾಗಿಲ ಹತ್ತಿರ ಮೇಘನಾ ನಿಂತಿದ್ದಳು, ಎರಡು ವರ್ಷದ ಹಿಂದಿನ ಹಾಗೆಯೇ ನನ್ನನ್ನು ನೋಡುತ್ತಾ. ಈ ಸಲ ತಲೆಯಾಡಿಸಿದರೆ ಮುಗಿಯಿತು.

"ಅಕ್ಕಾ, ನೂಲಿನಂತೆ ಸೀರಿ ಖರೇ. ಆದ್ರ ಕೋಟು ಹೆಂಗ ಬರ್ತೈತಿ ಅನ್ನೂದು ನೂಲಿನ ಕೈಯಾಗಿಲ್ಲ, ಕತ್ತರಿಸವನ ಕೈಯಾಗೈತಿ. ನೀ ಸಿಂಪಿಗರ ಮಗಳಾಗಿ ಇಷ್ಟು ಗೊತ್ತಿಲ್ಲೇನು? ಐವತ್ತಕ್ಕ ನಾ ಕೂಡೂದಿಲ್ಲ. ಅರವತ್ತಕ್ಕ ಬಾ."

ಅಕ್ಕನ ಮುಖ ಸಣ್ಣದಾಯಿತು. ಚಹಾ ಕುಡಿಯದೆ ಹೊರಟಳು. ನನಗೂ ಆ ರಾತ್ರಿ ಊಟ ಸೇರಲಿಲ್ಲ. ದೊಡ್ಡ ಮಾತೇನೋ ಆಡಿದ್ದೆ. ಒಳಗೆ ಹೆದರಿಕೆ ಇರಲಿಲ್ಲವೆಂದಲ್ಲ, ಇವತ್ತೂ ಇದೆ. ಕೈ ಸ್ವಲ್ಪ ಜೋಮು ಹಿಡಿದರೆ ಸಾಕು, ಎರಡೂ ಕೈ ಎತ್ತಿ ನೋಡಿಕೊಳ್ಳುತ್ತೇನೆ. ಆದರೆ ಹೆದರಿಕೆ ಇದ್ದವನು ಮಣೆಯ ಮೇಲೇ ಕೂರಬೇಕೆಂದು ಎಲ್ಲಿ ಬರೆದಿದೆ?

ಎಂಟು ದಿನ ಬಿಟ್ಟು, ಭಾನುವಾರ, ಅಂಗಡಿಯ ಕಪಾಟಿನಿಂದ ಅಜ್ಜನ ರೇಷ್ಮೆ ತೆಗೆದೆ. ಅಕ್ಕನಿಗೂ ಬರಲು ಹೇಳಿ ಕಳಿಸಿದ್ದೆ. ಬಂದಳು, ಕೈಚೀಲ ಮಡಿಲಲ್ಲಿಟ್ಟುಕೊಂಡು ಮೂಲೆಯ ಸ್ಟೂಲಿನ ಮೇಲೆ ಕೂತಳು. ಅನ್ವರ್ ಭಾಯಿ ರಜೆಯಿದ್ದರೂ ಬಂದಿದ್ದರು. ಬಟ್ಟೆ ಹಾಸಿದೆ. ಅಜ್ಜನ ನೀಲಿ ಗೆರೆ, ಅದರ ಒಳಗೆ ಹೊರಗೆ ಅಪ್ಪನ ಕೆಂಪು ಗೆರೆ. ಅಜ್ಜನದು ಅಗಲ ಭುಜ, ಅಪ್ಪನದು ಸಣ್ಣದು. 

ಮೃದು ಬ್ರಶ್ಶಿನಿಂದ ಮೇಘನಾ ಗೆರೆಗಳನ್ನು ಒರೆಸತೊಡಗಿದಳು. ಅಪ್ಪನ ಕೆಂಪು ಬಹುತೇಕ ಹೋಯಿತು. ಅಜ್ಜನ ನೀಲಿ ಒಂದು ಕಡೆ, ಪಕ್ಕೆಯ ಹತ್ತಿರ, ರೇಷ್ಮೆಯೊಳಗೆ ಇಳಿದುಬಿಟ್ಟಿತ್ತು. ತಿಕ್ಕಿದರೂ ಮಾಸಿತೇ ಹೊರತು ಹೋಗಲಿಲ್ಲ. "ಹೇ ನಾಹೀ ಜಾತ್ ಪಪ್ಪಾ" ಅಂದಳು. ಹೋಗುತ್ತಿಲ್ಲ ಎಂದು, ಸಣ್ಣ ದನಿಯಲ್ಲಿ.

"ಇರಲಿ ಬಿಡವಾ" ಅಂದೆ. ಆ ಕಲೆಯಿಂದ ಮೂರು ಬೆರಳು ಒಳಕ್ಕೆ ಸರಿದು, ಬಿಳಿ ಸೀಮೆಸುಣ್ಣವನ್ನು ಬಿಟ್ಟು ಹಸಿರು ತೆಗೆದುಕೊಂಡು ನನ್ನ ಅಳತೆಯ ಗೆರೆ ಎಳೆದೆ. ನಿಧಾನವಾಯಿತು, ಆದರೆ ಗೆರೆ ಬಟ್ಟೆಯ ಮೇಲೇ ಇತ್ತು. ನೀಲಿ ಕಲೆ ಹೊಲಿಗೆಯ ಒಳಮಡಿಕೆಗೆ ಹೋಯಿತು. ಕತ್ತರಿ ಎತ್ತಿಕೊಂಡೆ. ಅನ್ವರ್ ಭಾಯಿ ಕೈ ಮುಂದೆ ಮಾಡಿದರು, ಆಮೇಲೆ ತಾವೇ ಹಿಂದಕ್ಕೆ ತೆಗೆದುಕೊಂಡರು. ಮೂರು ತಲೆಮಾರಿನಿಂದ ಯಾರೂ ಕತ್ತರಿಸದ ಬಟ್ಟೆಗೆ ಕತ್ತರಿ ಹಾಕಿದೆ. ರೇಷ್ಮೆ ಸರ್ರನೆ ಸೀಳಿತು.

ಒಂದು ಪಕ್ಕ ಮುಗಿಯುವ ಹೊತ್ತಿಗೆ ಬೆವರಿನಲ್ಲಿ ತೊಯ್ದುಹೋಗಿದ್ದೆ. ಮೇಘನಾ ತುಂಡನ್ನು ಎತ್ತಿ ನೋಡಿ ಹುಬ್ಬೇರಿಸಿದಳು. ಹೊಲಿಗೆಯ ಗೆರೆಗೂ ಅಂಚಿಗೂ ನಡುವೆ ಎರಡೂವರೆ ಇಂಚು ಬಿಟ್ಟಿದ್ದೆ.

"ಎವ್ಢಂ ಮಾರ್ಜಿನ್ ಕಶಾಲಾ, ಪಪ್ಪಾ?" ಇಷ್ಟೊಂದು ಯಾಕೆ ಎಂದು.

"ಅರವತ್ತಕ್ಕ ಹೊಟ್ಟಿ ಬರ್ತೈತವಾ. ಆವಾಗ ಬಿಚ್ಚಿ ದೊಡ್ಡದು ಮಾಡಾಕ ಬಟ್ಟಿ ಬೇಕಲ್ಲ."

ಅವಳು ಜೋರಾಗಿ ನಕ್ಕಳು. ಅನ್ವರ್ ಭಾಯಿ ನಕ್ಕರು. ಮೂಲೆಯಲ್ಲಿ ಅಕ್ಕ ಕೈಚೀಲದ ಬಾಯಿ ತೆಗೆದು, ಪಂಚಾಂಗ ಹೊರಗೆ ತೆಗೆದು, ಹಿಂದೆ ಮುಂದೆ ತಿರುವಿ ನೋಡಿ, ಬಂದಾಗಿನಿಂದ ಮೊದಲ ಮಾತಾಡಿದಳು.

"ಹತ್ತು ವರ್ಷ ಮುಂದಿಂದು ಇನ್ನೂ ಅಚ್ಚಾಗಿಲ್ಲೋ ತಮ್ಮಾ."

"ಆಗಲಿ ಬಿಡಕ್ಕಾ," ಅಂದೆ, ಎರಡನೆಯ ಪಕ್ಕಕ್ಕೆ ಬಟ್ಟೆ ತಿರುಗಿಸುತ್ತಾ, "ನಾ ಇರ್ತೀನಿ."